ಕಸಿಮಿರೊ ಹೊಡೆದ ಗುಡ್ಡದ ಮೊಲ

ಪೋಸೊಸೆಕೊ ಊರಿನಲ್ಲಿ ಗಂಡಸರು ಎರಡು ಬಗೆ. ಮೊಲವನ್ನು ಗುಡ್ಡದಿಂದ ತರುವವರು, ಪೆಟ್ರಾಳ ಅಂಗಡಿಯಿಂದ ತರುವವರು. ಗುಡ್ಡದಿಂದ ತರುವವರು ನಿಕಾಸಿಯೊನ ಬಾರಿನಲ್ಲಿ ಒಲೆಯ ಪಕ್ಕದ ಮೇಜಿಗೆ ಕೂರುತ್ತಾರೆ. ಅಂಗಡಿಯಿಂದ ತರುವವರು ಬಾಗಿಲ ಹತ್ತಿರ, ಯಾರು ಒಳಗೆ ಬಂದರೂ ಬೆನ್ನಿಗೆ ಗಾಳಿ ಹೊಡೆಯುವ ಮೇಜಿಗೆ ಕೂರುತ್ತಾರೆ. ಹೀಗೇ ಕೂರಬೇಕೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ಮುರಿಯುತ್ತಿದ್ದರೋ ಏನೋ.

ಕಸಿಮಿರೊ ಬಾಗಿಲ ಹತ್ತಿರದವನು. ಅವನಿಗೆ ಊರಿನಲ್ಲಿ ಹಾಸಿಗೆ ಅಂಗಡಿಯಿತ್ತು. ಉಣ್ಣೆಯ ಹಾಸಿಗೆ, ಸ್ಪ್ರಿಂಗಿನ ಹಾಸಿಗೆ, ನವದಂಪತಿಗಳಿಗೆ ಹೂವಿನ ಬಟ್ಟೆಯದು, ಸೊಂಟ ನೋವಿನವರಿಗೆ ಹಲಗೆಯಂಥದು, ಎಲ್ಲ ಅವನ ಕೈಯಿಂದಲೇ ಹೋಗಬೇಕು. ಊರಿನ ಅರ್ಧ ಜನ ಅವನು ಹೊಲಿದದ್ದರ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ಆದರೆ ಬೆಳಿಗ್ಗೆ ಎದ್ದು ಹೊರಟವರಲ್ಲಿ ಒಬ್ಬನೂ ಹಾಸಿಗೆಯವನನ್ನು ನೆನೆದದ್ದಿಲ್ಲ.

ಇಷ್ಟೇ ಆಗಿದ್ದರೆ ಅವನು ಗಾಳಿಗೆ ಬೆನ್ನು ಕೊಟ್ಟೇ ಸುಖವಾಗಿ ಮುದುಕನಾಗುತ್ತಿದ್ದ. ತೊಂದರೆಯೆಂದರೆ ಅವನ ಮಾವ ಸೆವೆರಿನೊ. ಊರಿನ ಬೇಟೆಗಾರರ ಸಂಘಕ್ಕೆ ಎಷ್ಟೋ ಕಾಲದಿಂದ ಅವರೇ ಅಧ್ಯಕ್ಷರು. ಬೇಟೆಯ ಕಾನೂನನ್ನು ಪಾದ್ರಿ ಪ್ರಾರ್ಥನೆ ಒಪ್ಪಿಸುವಂತೆ ಒಪ್ಪಿಸುವವರು. ಗಂಡುಮಕ್ಕಳಿಲ್ಲ. ಹಾಗಾಗಿ ಮಗಳು ಎಲ್ವಿರಾಳ ಮದುವೆಯ ದಿನ ತಮ್ಮ ಅಪ್ಪನ ಕಾಲದ ಜೋಡುನಳಿಗೆಯ ಕೋವಿಯನ್ನು ತಂದು ಅಳಿಯನ ಕೈಗಿಟ್ಟಿದ್ದರು. ಕಸಿಮಿರೊ ಅದನ್ನು ಒಂದೇ ಒಂದು ಸಲ ಗುಡ್ಡಕ್ಕೆ ಒಯ್ದಿದ್ದ. ಆ ದಿನ ಅವನು ಹಾರಿಸಿದ ಈಡು ತಾಗಿದ್ದು ಊರ ಹೊರಗೆ ನೆಟ್ಟ ಹೆಸರಿನ ಬೋರ್ಡಿಗೆ. ಇವತ್ತಿಗೂ ಸಂಜೆಯ ಹೊತ್ತು ಪೋಸೊಸೆಕೊ ಎಂಬ ಹೆಸರಿನ ತೂತುಗಳಲ್ಲಿ ಸೂರ್ಯ ಇಣುಕುತ್ತಾನೆ. ಆಮೇಲೆ ಕೋವಿ ಹಾಸಿಗೆಯ ಹೊದಿಕೆಯೊಂದರಲ್ಲಿ ಸುತ್ತಿಸಿಕೊಂಡು ಬೀರುವಿನಲ್ಲಿ ಮಲಗಿತು. ಅದೊಂದೇ ಆ ಮನೆಯಲ್ಲಿ ಕಸಿಮಿರೊನ ಸರಕಿನ ಬೆಲೆ ಅರಿತಂತೆ ಮಲಗಿದ್ದು.

ಈಚೆಗೆ ಸೆವೆರಿನೊ ಅವರ ಮಂಡಿ ಹೋಗಿತ್ತು. ಎರಡು ವರ್ಷದಿಂದ ಗುಡ್ಡ ಹತ್ತಿರಲಿಲ್ಲ. ಗುಡ್ಡದ ಮೊಲದ ಆಸೆ ಮಾತ್ರ ಮಂಡಿಯ ಜೊತೆ ಹೋಗಿರಲಿಲ್ಲ.

ಒಂದು ಗುರುವಾರ ಬಾರಿನಲ್ಲಿ ಅವರು ಒಲೆಯ ಪಕ್ಕದಿಂದಲೇ ಕೂಗಿ ಕೇಳಿದರು.

"ಅಳಿಯಾ, ಭಾನುವಾರ ನಿಮ್ಮನೇಲಿ ಊಟಕ್ಕೆ ಬರ್ತಿದೀನಿ. ಎಲ್ವಿರಾ ರೊಟ್ಟಿ ಮುರಿದು ಹಾಕಿ ಮೊಲದ ಗಸ್ಪಾಚೊ ಮಾಡ್ತಾಳಂತೆ. ಅದಕ್ಕೆ ಮತ್ತೆ ಆ ಪೆಟ್ರಾಳ ಬಿಳೀ ಮೊಲಾನಾ?"

"ಯಾಕೆ ಮಾವ, ಹೋದ ಸಲ ಚೆನ್ನಾಗಿರಲಿಲ್ವಾ?"

"ಚೆನ್ನಾಗಿತ್ತು. ಹತ್ತಿ ಅಗಿದ ಹಾಗಿತ್ತು. ನಿನ್ನ ಹಾಸಿಗೆ ಅಂಗಡೀಲಿ ಉಳಿದದ್ದನ್ನ ಸಾರಿಗೆ ತುಂಬಿಸಿದ್ಯೇನೋ ಅಂದ್ಕೊಂಡೆ."

ಒಲೆಯ ಮೇಜು ನಕ್ಕಿತು. ಅದಾದರೂ ಸರಿ. ಆದರೆ ಬಾಗಿಲ ಮೇಜೂ ನಕ್ಕಿತು. ತನ್ನ ಜೊತೆಯೇ ಗಾಳಿಗೆ ಕೂತವರು ನಕ್ಕಾಗ ಮನುಷ್ಯನಿಗೆ ಏನೋ ಆಗುತ್ತದೆ. ಕಸಿಮಿರೊ ಎದ್ದು ನಿಂತ. ಯಾಕೆ ನಿಂತೆ ಎಂದು ಗೊತ್ತಾಗುವ ಮೊದಲೇ ಬಾಯಿ ತೆರೆದಿತ್ತು.

"ಈ ಸಲ ಗುಡ್ಡದ ಮೊಲ, ಮಾವ. ನಾನೇ ಹೊಡೆದದ್ದು."

"ಯಾವಾಗ?"

"ನಿನ್ನೆ ಸಂಜೆ. ಅಂಗಡಿ ಬಾಗಿಲು ಹಾಕಿದ ಮೇಲೆ."

ಬಾರು ನಿಶ್ಶಬ್ದವಾಯಿತು. ನಿಕಾಸಿಯೊ ಒರೆಸುತ್ತಿದ್ದ ಲೋಟವನ್ನು ಒರೆಸುವುದು ನಿಲ್ಲಿಸಿದ. ಸಂಘದ ಬೇಟೆಗಾರ್ಡು ಮೆಲ್ಚೊರ್ ಬಾಯಿಯಲ್ಲಿದ್ದ ಆಲಿವ್ ಕಾಯಿಯನ್ನು ಅಗಿಯುವುದು ಬಿಟ್ಟು ಕೆನ್ನೆಗೆ ಒತ್ತಿಟ್ಟುಕೊಂಡ. ಸೆವೆರಿನೊ ಅಳಿಯನ ಮುಖವನ್ನು ದಿಟ್ಟಿಸಿ, ಅವನ ತಲೆಯ ಮೇಲಿನ ಗೋಡೆಯನ್ನು ದಿಟ್ಟಿಸಿ, ನಿಧಾನಕ್ಕೆ "ಎರಡು ಗಂಟೆಗೆ ಬರ್ತೀನಿ" ಎಂದರು.

ಅವನ ತಲೆಯ ಮೇಲೆ ಒಂದು ಕಾಗದ ಅಂಟಿಸಿತ್ತು. ಚಳಿಗಾಲ ಮುಗಿದಂದೇ ಅಧ್ಯಕ್ಷರು ತಮ್ಮ ಕೈಯಾರೆ ಅಂಟಿಸಿದ್ದು. ಬೇಟೆ ಮುಚ್ಚಿದೆ, ಮರಿ ಹಾಕುವ ಕಾಲ, ಶರತ್ಕಾಲದವರೆಗೆ ಯಾರೂ ಗುಡ್ಡದಲ್ಲಿ ಈಡು ಹಾರಿಸಕೂಡದು ಎಂದು ಅದರಲ್ಲಿತ್ತು. ಆಗ ಏಪ್ರಿಲ್ ತಿಂಗಳು. ಈ ವಿಷಯ ಕಸಿಮಿರೊನಿಗೂ ಗೊತ್ತಿತ್ತು. ಹೆಂಡತಿಯ ಹುಟ್ಟಿದ ದಿನ ಗಂಡನಿಗೆ ಗೊತ್ತಿರುವಷ್ಟು. ಬೇಕಾದ ಹೊತ್ತಿಗೆ ಅದು ತಲೆಗೆ ಬರುವುದಿಲ್ಲ ಅಷ್ಟೆ.

ಆ ನಿಶ್ಶಬ್ದವನ್ನು ಅವನು ಗೌರವ ಎಂದುಕೊಂಡ. ಎದೆ ಮುಂದೆ ಮಾಡಿಕೊಂಡು ಮನೆಗೆ ನಡೆದ.

ಮರುದಿನ ಬೆಳಿಗ್ಗೆ ಪೆಟ್ರಾಳ ಮಾಂಸದಂಗಡಿಗೆ ಹೋದಾಗ ಎದೆ ತನ್ನ ಮಾಮೂಲಿ ಜಾಗಕ್ಕೆ ಹಿಂದಿರುಗಿತ್ತು.

"ಪೆಟ್ರಾ, ಒಂದು ಗುಡ್ಡದ ಮೊಲ ಬೇಕಿತ್ತು."

"ಈಗೆಲ್ಲಿಂದ ತರ್ಲಿ? ನನ್ನ ಹತ್ರ ಇರೋದು ಗೂಡಲ್ಲಿ ಸಾಕಿದ್ದೇ. ನೋಡು, ಹೆಂಗಿದೆ. ಗುಲಾಬಿ ಬಣ್ಣ. ಮೂತ್ರಪಿಂಡದ ಸುತ್ತ ಬೆಣ್ಣೆ ಹಚ್ಚಿದ ಹಾಗೆ ಕೊಬ್ಬು."

"ಅದೇ ತೊಂದರೆ. ಅದು ಗುಡ್ಡದ್ದು ಅನ್ನಿಸ್ಬೇಕು. ಮಾವನಿಗೆ."

ಪೆಟ್ರಾ ಚೂರಿ ಕೆಳಗಿಟ್ಟಳು. ಹಿಂದಿನ ದಿನ ಅವಳು ಮಗಳ ಊರಿಗೆ ಹೋಗಿದ್ದಳು, ಬಾರಿನ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಅವಳು ಹೀಗೇ ಮಾಡುತ್ತಿದ್ದಳು ಎಂದು ಊರಿನವರು ಈಗಲೂ ಹೇಳುತ್ತಾರೆ. ಸೆವೆರಿನೊ ಒಂದು ಕಾಲದಲ್ಲಿ ಅವಳ ಅಂಗಡಿಯ ಮಾಂಸವನ್ನು ಆಸ್ಪತ್ರೆ ಊಟ ಎಂದಿದ್ದರು.

"ಕೂತ್ಕೊ," ಎಂದಳು. ಪೆಟ್ಟಿಗೆಯಲ್ಲಿದ್ದ ಮೊಲಗಳಲ್ಲಿ ಎಲ್ಲಕ್ಕಿಂತ ಬಡಕಲಾದದ್ದನ್ನು ಹಿಡಿದೆತ್ತಿದಳು. "ಗೂಡಿಂದು ಕೊಬ್ಬಿರತ್ತೆ, ಬಿಳಿಚಿಕೊಂಡಿರತ್ತೆ. ಗುಡ್ಡದ್ದು ಚಿಕ್ಕದು, ಕಪ್ಪು ಕೆಂಪು, ಮೈಯೆಲ್ಲ ನರ. ಇದರ ಕೊಬ್ಬನ್ನ ಚೂರೂ ಬಿಡದೆ ಕೆರೆದು ತೆಗಿ. ಕೆಂಪು ವೈನಲ್ಲಿ ಒಂದು ರಾತ್ರಿ ನೆನೆಹಾಕು, ಬಣ್ಣ ಒಳಗಿಳಿಯತ್ತೆ. ಅದರಲ್ಲಿ ತೊಮೀಯೊ ಸೊಪ್ಪು ಹಾಕು, ಗುಡ್ಡದ ಕಲ್ಲಿನ ಸಂದೀಲಿ ಬೆಳೆದದ್ದು, ಕುಂಡದ್ದಲ್ಲ. ಗುಡ್ಡದ ಮೊಲ ಹುಟ್ಟಿದಾಗಿಂದ ಅದನ್ನೇ ಮೇಯೋದು, ಮಾಂಸದೊಳಗೇ ಆ ವಾಸನೆ ಕೂತಿರತ್ತೆ. ಮತ್ತೆ ಜಾಸ್ತಿ ಬೇಯಿಸ್ಬೇಡ. ಮಾವನ ಹಲ್ಲಿಗೆ ಸ್ವಲ್ಪ ಕೆಲಸ ಇರೋ ಹಾಗೆ ಇಳಿಸು."

"ಅಷ್ಟು ಸಾಕಾ?"

"ಸಾಲಲ್ಲ. ಚರೆ?"

ಕಸಿಮಿರೊನ ಮುಖ ಬಾಡಿತು. ಚರೆಯನ್ನು ಅವನು ಮರೆತೇಬಿಟ್ಟಿದ್ದ. ಪೋಸೊಸೆಕೊದಲ್ಲಿ ಗುಡ್ಡದ ಮೊಲ ತಿನ್ನುವಾಗ ಕೋವಿಯಿಂದ ಹಾರಿದ ಸೀಸದ ಚರೆ ಹಲ್ಲಿಗೆ ಸಿಕ್ಕರೆ ಅಡುಗೆಯವಳು ಕ್ಷಮೆ ಕೇಳುವುದಿಲ್ಲ. ತಿನ್ನುವವನು ಅದನ್ನು ನಾಲಿಗೆಯ ತುದಿಗೆ ತಂದು, ಬೆರಳಲ್ಲಿ ಹಿಡಿದು, ತಟ್ಟೆಯ ಅಂಚಿಗೆ ಟಿಣ್ ಎಂದು ಸದ್ದಾಗುವ ಹಾಗೆ ಬೀಳಿಸುತ್ತಾನೆ. ಊಟಕ್ಕೆ ಕೂತವರೆಲ್ಲ ಆ ಸದ್ದಿಗೆ ಒಮ್ಮೆ ತಲೆಯೆತ್ತಿ ಹೊಡೆದವನ ಕಡೆ ನೋಡುತ್ತಾರೆ. ಟಿಣ್ ಎನ್ನದ ಮೊಲ ಗುಡ್ಡದ್ದಲ್ಲ.

"ಚರೆಗೆ ನಾನೇನಾದ್ರೂ ಮಾಡ್ತೀನಿ. ಆದ್ರೆ ಪೆಟ್ರಾ, ಇದು ಯಾರಿಗೂ..."

"ಕಸಿಮಿರೊ. ನನ್ನ ತೋಳು ಕಡಿದ್ರೂ ಹೇಳಲ್ಲ. ನೀನು ಈ ಅಂಗಡಿಗೆ ಬಂದೇ ಇಲ್ಲ. ನಾನು ನಿನ್ನ ನೋಡೇ ಇಲ್ಲ. ಮೊಲ ಅಂದ್ರೇನು ಅಂತಾನೇ ನಂಗೆ ಗೊತ್ತಿಲ್ಲ."

ಅವಳು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಕೈಯಲ್ಲಿ ಮೊಲ ಹಾಗೇ ಇತ್ತು.

ಆ ಹೊತ್ತಿನಿಂದ ಊರು ಕಸಿಮಿರೊನನ್ನು ಬೇರೆ ಕಣ್ಣಿನಿಂದ ನೋಡತೊಡಗಿತು. ಚರ್ಚಿನ ಮುಂದೆ ಕಟ್ಟೆಯ ಮೇಲೆ ಕೂತ ಮುದುಕರು ಟೋಪಿ ಮುಟ್ಟಿ ನಮಸ್ಕಾರ ಹೇಳಿದರು. ಹಾಗೆ ಅವರು ಹಿಂದೆ ಹೇಳಿದ್ದು ಮೇಯರ್‌ಗೆ, ಅದೂ ಚುನಾವಣೆಗೆ ಮುಂಚೆ. ಎದುರು ಮನೆಯ ವಿಧವೆ ಆಂಗುಸ್ತಿಯಾಸ್ ಅಂಗಡಿಗೆ ಬಂದು ಒಂದು ದಿಂಬನ್ನು ಹಿಚುಕಿ ಹಿಚುಕಿ ನೋಡಿದಳು.

"ಇಷ್ಟು ವರ್ಷ ಎದುರಿಗೇ ಇದ್ದೆ, ಗೊತ್ತೇ ಆಗ್ಲಿಲ್ಲ ನೋಡು," ಎಂದಳು. "ಮಾತಿಲ್ಲ ಕತೆಯಿಲ್ಲ, ಒಳಗೊಳಗೇ."

"ಏನು ಆಂಗುಸ್ತಿಯಾಸ್ ಅಮ್ಮ?"

"ನಂಗ್ಯಾಕೆ ಹೇಳ್ತೀಯ. ಹೇಳ್ಬೇಡ. ನನ್ನ ತಂಗಿ ಮಗ ಬರ್ತಾನೆ ಮುಂದಿನ ವಾರ. ಅವನಿಗೆ ಒಂದು ಕೌಜುಗ ಸಿಕ್ಕಿದ್ರೆ, ರಾತ್ರಿ ಹಿಂದಿನ ಬಾಗಿಲಿಗೆ ನೇತುಹಾಕಿ ಹೋಗು. ನಾನು ಏನೂ ಕೇಳಲ್ಲ."

ಅವಳು ಹೋದ ಮೇಲೆ ನಿಕಾಸಿಯೊ ಬಂದ. ಅಂಗಡಿಯ ಬಾಗಿಲನ್ನು ತಾನೇ ಮುಚ್ಚಿದ.

"ಆ ಗಾರ್ಡು ಎದುರಿಗೇ ಕೂತಿದ್ದಾನೆ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆಯಲ್ಲ ಮಾರಾಯ. ನಮ್ಮಪ್ಪನಿಗೂ ಅಷ್ಟು ಧೈರ್ಯ ಇರಲಿಲ್ಲ, ಅವನು ಎರಡು ಸಲ ಒಳಗೆ ಹೋಗಿ ಬಂದವನು. ಹಬ್ಬಕ್ಕೆ ನಂಗೆ ಒಂದಷ್ಟು ಬೇಕು. ಎಷ್ಟಾದ್ರೂ ತಗೋತೀನಿ."

"ನೋಡೋಣ," ಎಂದ ಕಸಿಮಿರೊ. ನಿಕಾಸಿಯೊನ ಮಾತಿನಲ್ಲಿ ಅವನಿಗೆ ಅರ್ಥವಾಗಿದ್ದು ಧೈರ್ಯ ಎಂಬ ಒಂದೇ ಪದ.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಎಲ್ವಿರಾ ಗಸ್ಪಾಚೊಗೆ ಬೇಕಾದ ಹುಳಿ ಬರಿಸದ ತೆಳು ರೊಟ್ಟಿಗಳನ್ನು ಲಟ್ಟಿಸುತ್ತಿದ್ದಳು. ಕಸಿಮಿರೊ ವೈನಿನಿಂದ ಮೊಲವನ್ನು ಎತ್ತಿ ಬಸಿಯುತ್ತಿದ್ದ. ಮೊಲ ನಿಜಕ್ಕೂ ಕಪ್ಪಗಾಗಿತ್ತು. ಪಾಪ, ಬದುಕಿದ್ದಾಗ ನೋಡದ ಗುಡ್ಡದ ಬಣ್ಣ ಸತ್ತ ಮೇಲೆ ಬಂದಿತ್ತು. ಗಂಡ ಬಾರಿನಲ್ಲಿ ಹೇಳಿದ ಮಾತನ್ನು ಎಲ್ವಿರಾ ನೀರಿನ ನಲ್ಲಿಯ ಹತ್ತಿರ ಮೂವರ ಬಾಯಲ್ಲಿ ಕೇಳಿಬಂದಿದ್ದಳು.

"ಕಸಿಮಿರೊ, ಈಗ ಯಾವ ತಿಂಗಳು?"

"ಏಪ್ರಿಲ್."

"ಏಪ್ರಿಲ್‌ನಲ್ಲಿ ಬೇಟೆ ಇರತ್ತಾ?"

ಅವನ ಕೈಯಿಂದ ಮೊಲ ಪಾತ್ರೆಗೆ ಜಾರಿತು. ವೈನು ಅಂಗಿಗೆ ಹಾರಿತು. ಅವನು ನಿಧಾನಕ್ಕೆ ಸ್ಟೂಲಿನ ಮೇಲೆ ಕೂತ. ಟೋಪಿ ಮುಟ್ಟಿದವರು, ದಿಂಬು ಹಿಚುಕಿದವಳು, ಬಾಗಿಲು ಮುಚ್ಚಿದವನು ಒಬ್ಬೊಬ್ಬರಾಗಿ ಅವನ ಕಣ್ಣ ಮುಂದೆ ಬಂದುಹೋದರು.

"ಅಂದ್ರೆ ಅವರೆಲ್ಲ ನನ್ನ ಕಳ್ಳಬೇಟೆಗಾರ ಅಂದ್ಕೊಂಡಿದಾರೆ."

"ಹೂಂ. ಅಪ್ಪನ ಹತ್ರ ಹೋಗಿ ನಿಜ ಹೇಳಿ ಬಾ. ನಕ್ಕು ಬಿಡ್ತಾರೆ."

ಕಸಿಮಿರೊ ಅಂಗಿಯ ಮೇಲಿನ ವೈನು ಒರೆಸಿಕೊಂಡ. ಆಮೇಲೆ ಎಂದ, "ಎರಡು ದಿನದಿಂದ ಎಲ್ಲರೂ ನಂಗೆ ನಮಸ್ಕಾರ ಹೇಳ್ತಿದಾರೆ, ಎಲ್ವಿರಾ."

ಅವಳು ಲಟ್ಟಣಿಗೆ ನಿಲ್ಲಿಸಿ ಗಂಡನನ್ನು ನೋಡಿದಳು. ಬಯ್ಯಬೇಕೆಂದು ಬಾಯಿ ತೆರೆದವಳು ಮತ್ತೆ ರೊಟ್ಟಿಯ ಕಡೆ ತಿರುಗಿದಳು.

"ಮೆಲ್ಚೊರ್ ಬಂದ್ರೆ?"

"ಅಧ್ಯಕ್ಷರು ಊಟಕ್ಕೆ ಕೂತಿರೋ ಮನೆಗೆ ಅವನು ಬರ್ತಾನಾ? ಬರಲ್ಲ."

ಎಲ್ವಿರಾ ಬಟ್ಟೆ ಒಣಹಾಕಲು ಹೋದಾಗ ಅವನು ಬೀರುವಿನಿಂದ ಹಳೆಯ ತೋಟೆಗಳ ಡಬ್ಬಿ ತಂದ. ಒಂದು ತೋಟೆಯನ್ನು ಕತ್ತರಿಯಿಂದ ಕತ್ತರಿಸಿದ. ಚರೆಗಳು ಮೇಜಿನ ಮೇಲೆ ಸುರಿದು, ಅಲ್ಲಿಂದ ನೆಲಕ್ಕೆ ಹಾರಿ, ಫ್ರಿಜ್ಜಿನ ಅಡಿಗೆ ಓಡಿದವು. ಸಿಕ್ಕಷ್ಟನ್ನು ಬಾಚಿ ಬಟ್ಟಲಿಗೆ ಹಾಕಿಕೊಂಡ. ಅಂಗಡಿಯಿಂದ ತಂದ ಉದ್ದನೆಯ ಹಾಸಿಗೆ ಸೂಜಿಯಿಂದ ಮಾಂಸಕ್ಕೆ ಒಂದು ತೂತು ಮಾಡಿ, ಒಂದು ಚರೆ ತೂರಿಸಿ, ಹೆಬ್ಬೆರಳಿಂದ ಒತ್ತಿದ. ಚೆನ್ನಾಗಿ ಕೂತಿತು. ಇನ್ನೊಂದು. ಮತ್ತೊಂದು. ಕೆಲವನ್ನು ಬೇಡವೆಂದು ಬಿಡಲು ಮನಸ್ಸಾಗಲಿಲ್ಲ. ತಲೆಯಲ್ಲಿ ನಾಳೆಯ ಊಟ ಓಡುತ್ತಿತ್ತು, ಕೈ ತನ್ನ ಪಾಡಿಗೆ ತಾನು ಅಂಗಡಿಯಲ್ಲಿ ಮಾಡುವ ಹಾಗೆ ಕೆಲಸ ಮಾಡುತ್ತಿತ್ತು. ಸೀಟಿ ಕೂಡ ಹಾಕಿದ. ಮುಗಿಸಿದ ಮೇಲೆ ಮೊಲಕ್ಕೆ ಹಿಟ್ಟು ಸವರಿಟ್ಟ. ಎಲ್ವಿರಾ ಬಂದು ನೋಡುವ ಹೊತ್ತಿಗೆ ಏನೂ ಕಾಣುತ್ತಿರಲಿಲ್ಲ.

ಭಾನುವಾರ ಎರಡು ಗಂಟೆಗೆ ಸೆವೆರಿನೊ ಬಂದರು. ಕೋಲು ಗೋಡೆಗೆ ಒರಗಿಸಿ, ಕರವಸ್ತ್ರವನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಕೂತರು. ಗಸ್ಪಾಚೊದ ಅಗಲ ಬಾಣಲೆ ಮೇಜಿನ ನಡುವೆ ಬಂತು. ಮುರಿದು ಹಾಕಿದ ರೊಟ್ಟಿಗಳು ಸಾರು ಕುಡಿದು ಉಬ್ಬಿದ್ದವು, ಮೇಲೆ ಮೊಲದ ತುಂಡುಗಳು, ಎಲ್ಲದರ ಮೇಲೆ ತೊಮೀಯೊ ಘಮ. ಮುದುಕರು ಕಣ್ಣು ಮುಚ್ಚಿ ಮೂಸಿದರು. ಅಧ್ಯಕ್ಷರಾಗಿ ಅವರು ಈ ಮೊಲದ ಬಗ್ಗೆ ಒಂದು ಮಾತು ಆಡಬೇಕಿತ್ತು. ಅದನ್ನು ಊಟ ಆದ ಮೇಲೆ ಆಡುವುದೆಂದು ದಾರಿಯಲ್ಲೇ ತೀರ್ಮಾನಿಸಿಕೊಂಡಿದ್ದರು.

ಮೊದಲ ತುತ್ತಿಗೇ ಟಿಣ್ ಎಂದಿತು.

ಸೆವೆರಿನೊ ತಲೆಯೆತ್ತಿ ಅಳಿಯನನ್ನು ನೋಡಿದರು. ಮದುವೆಯಾದಂದಿನಿಂದ ಆವತ್ತಿನವರೆಗೆ ಆ ಮುದುಕ ಅವನನ್ನು ಹಾಗೆ ನೋಡಿದ್ದಿಲ್ಲ. ಕಸಿಮಿರೊನ ಕಿವಿ ಬಿಸಿಯಾಯಿತು.

ಎರಡನೆಯ ತುತ್ತಿಗೂ ಟಿಣ್. ಮೂರನೆಯದಕ್ಕೆ ಎರಡು ಸಲ. ಎಲ್ವಿರಾಳ ತಟ್ಟೆಯಲ್ಲಿ ಟಿಣ್, ಕಸಿಮಿರೊನ ತಟ್ಟೆಯಲ್ಲಿ ಟಿಣ್. ಸ್ವಲ್ಪ ಹೊತ್ತಿಗೆ ಆ ಮನೆಯಲ್ಲಿ ಊಟಕ್ಕಿಂತ ಹೆಚ್ಚಾಗಿ ಗಡಿಯಾರದ ಅಂಗಡಿಯ ಸದ್ದು ಕೇಳತೊಡಗಿತು.

"ಎಷ್ಟು ದೂರದಿಂದ ಹೊಡೆದೆ?" ಮಾವ ಕೇಳಿದರು.

"ಹತ್ತಿರದಿಂದ."

"ಎಷ್ಟು ಹತ್ತಿರ? ಕೋವಿಯನ್ನ ಅದರ ಬಾಯಿಗೆ ಇಟ್ಟಿದ್ಯಾ?"

ಅವರು ಬೆನ್ನಿನ ತುಂಡೊಂದನ್ನು ತಟ್ಟೆಗೆ ಎಳೆದುಕೊಂಡು ಚೂರಿಯ ತುದಿಯಿಂದ ಬಿಡಿಸಿ ನೋಡಲು ಬಗ್ಗಿದರು. ಆ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು.

ಮೆಲ್ಚೊರ್ ಸಮವಸ್ತ್ರದಲ್ಲಿದ್ದ. ಗುರುವಾರದಿಂದ ಕಾದಿದ್ದ. ಹಸಿ ಮಾಂಸವಾದರೆ ನಾಯಿಗೆ ಹಾಕಿ ಸಾಕ್ಷಿ ಮುಗಿಸುತ್ತಾರೆ, ಬೆಂದ ಮೇಲೆ ಯಾರಿಗೂ ಹಾಕಲು ಮನಸ್ಸು ಬರುವುದಿಲ್ಲ ಎಂಬುದು ಅವನ ಇಷ್ಟು ವರ್ಷದ ಅನುಭವ.

"ಊಟದ ಹೊತ್ತಲ್ಲಿ ಬಂದೆ, ಬೇಜಾರು ಮಾಡ್ಕೋಬೇಡಿ," ಎಂದು ಟೋಪಿ ತೆಗೆದು, ತಟ್ಟೆಗಳ ಅಂಚಿನಲ್ಲಿ ಗುಡ್ಡೆಯಾಗಿದ್ದ ಚರೆಗಳನ್ನು ನೋಡಿ, ಮತ್ತೆ ಟೋಪಿ ಹಾಕಿಕೊಂಡ. "ಕಸಿಮಿರೊ, ಬೇಟೆ ಮುಚ್ಚಿದ ಕಾಲದಲ್ಲಿ ಗುಡ್ಡದ ಮೊಲ. ನೀನೇ ಎಲ್ಲರ ಎದುರು ಒಪ್ಕೊಂಡಿದೀಯ. ಪರವಾನಗಿ ಹೋಗತ್ತೆ. ಕೋವಿ ನಾನು ಈಗಲೇ ತಗೊಂಡು ಹೋಗ್ಬೇಕು, ಅದು ವಾಪಸ್ ಬರಲ್ಲ, ಜಿಲ್ಲಾ ಕೇಂದ್ರದಲ್ಲಿ ಕರಗಿಸ್ತಾರೆ. ಅಧ್ಯಕ್ಷರೇ ಇದ್ದೀರಿ, ನಿಮ್ಮ ಸಹಿನೂ ಬೇಕು."

ಸೆವೆರಿನೊ ಬೇಡ ಎನ್ನುವ ಹಾಗಿರಲಿಲ್ಲ, ಆ ನಿಯಮವನ್ನು ಸಂಘದಿಂದ ಮಾಡಿಸಿದವರು ಅವರೇ. ಆದರೆ ಅವರ ಕೈಯಲ್ಲಿದ್ದ ಚಮಚ ತಟ್ಟೆಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಲೇ ಇತ್ತು. ಈ ಸಲ ಅದು ಚರೆಯ ಸದ್ದಲ್ಲ. ಕೋವಿ ಅವರಪ್ಪನದು.

ಕಸಿಮಿರೊ ಆ ಚಮಚವನ್ನು ನೋಡಿದ. ಎರಡು ದಿನದ ನಮಸ್ಕಾರಗಳನ್ನೆಲ್ಲ ಒಟ್ಟಿಗೆ ನುಂಗಿದ.

"ನಾನು ಹೊಡೆದಿಲ್ಲ. ಶುಕ್ರವಾರ ಪೆಟ್ರಾಳ ಅಂಗಡೀಲಿ ತಗೊಂಡ ಮೊಲ ಇದು. ವೈನಲ್ಲಿ ನೆನೆಸಿದೆ. ಚರೆ ನಾನೇ ತುರುಕಿದ್ದು."

ಮೆಲ್ಚೊರ್ ಕರುಣೆಯಿಂದ ತಲೆಯಾಡಿಸಿದ. "ಸಿಕ್ಕಿಬಿದ್ದವರೆಲ್ಲ ಪೆಟ್ರಾಳ ಹೆಸರೇ ಹೇಳೋದು."

"ನಿಜ ಮೆಲ್ಚೊರ್, ನಾನೂ ನೋಡಿದೀನಿ," ಎಂದಳು ಎಲ್ವಿರಾ.

"ನೀನು ಹೆಂಡತಿ. ನೀನು ನೋಡಿದ್ದು ಲೆಕ್ಕಕ್ಕಿಲ್ಲ."

ಪೆಟ್ರಾಳ ಮನೆ ಎರಡು ಬಾಗಿಲು ಆಚೆಗೆ. ಎಲ್ವಿರಾ ಓಡಿಹೋಗಿ ಕರೆತಂದಳು. ಪೆಟ್ರಾ ಬಾಗಿಲಲ್ಲಿ ನಿಂತು, ಸಮವಸ್ತ್ರ ನೋಡಿದಳು, ಸೆವೆರಿನೊ ಅವರನ್ನು ನೋಡಿದಳು, ಬೆವರುತ್ತಿದ್ದ ಕಸಿಮಿರೊನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಎಲ್ಲ ತಪ್ಪಾಗಿಯೇ ಅರ್ಥವಾಯಿತು.

"ಪೆಟ್ರಾ, ಶುಕ್ರವಾರ ಇವನು ನಿನ್ನ ಹತ್ರ ಮೊಲ ತಗೊಂಡ್ನಾ?" ಮೆಲ್ಚೊರ್ ಕೇಳಿದ.

"ಯಾರು? ಕಸಿಮಿರೊನಾ? ಇಲ್ಲಪ್ಪ."

"ಪೆಟ್ರಾ, ಹೇಳೇ. ನಾನೇ ಹೇಳ್ತಿದೀನಲ್ಲ."

"ಇವನು ಶುಕ್ರವಾರ ನನ್ನ ಅಂಗಡಿ ಬೀದೀಲೇ ಹಾದಿಲ್ಲ."

"ಬಡಕಲು ಮೊಲ ಕೊಟ್ಟೆ. ಕೊಬ್ಬು ಕೆರೆದು ತೆಗಿ ಅಂದೆ. ತೊಮೀಯೊ ಅಂದೆ."

"ಪಾಪ, ಗಾಬರಿಗೆ ಏನೇನೋ ಮಾತಾಡ್ತಿದಾನೆ," ಎಂದು ಪೆಟ್ರಾ ಮೆಲ್ಚೊರ್‌ಗೆ ಹೇಳಿ, ಕಸಿಮಿರೊನಿಗೆ ಮಾತ್ರ ಕಾಣುವ ಹಾಗೆ ಕಣ್ಣು ಹೊಡೆದಳು. "ನೀವು ಗಂಡಸರು ಎಲ್ಲೆಲ್ಲಿ ಏನೇನು ಹೊಡೀತೀರೋ, ನಂಗೇನು ಗೊತ್ತು? ಇದು ಗುಡ್ಡದ್ದೇ. ವಾಸನೇಲೇ ಗೊತ್ತಾಗಲ್ವಾ?"

ಅಂಥ ನಿಯತ್ತನ್ನು ಆ ಊರು ಹಿಂದೆ ಕಂಡಿರಲಿಲ್ಲ. ಕಸಿಮಿರೊ ಕುರ್ಚಿಗೆ ಕುಸಿದ. ಮೆಲ್ಚೊರ್ ಕೋವಿ ಎಲ್ಲಿ ಎಂದು ಕೇಳಿದ.

ಸೆವೆರಿನೊ ಚೂರಿಯಿಂದ ತಟ್ಟೆಯನ್ನು ಒಮ್ಮೆ ತಟ್ಟಿದರು.

"ತಡಿ. ಇಲ್ಲಿ ಬಾ ಮೆಲ್ಚೊರ್. ಇದನ್ನ ನೋಡು."

ಬೆನ್ನಿನ ತುಂಡು ಬಿಡಿಸಿಟ್ಟಿತ್ತು. ಚರೆಗಳು ಅಲ್ಲಿದ್ದವು. ಬೆನ್ನೆಲುಬಿನ ಈಚೆ ಒಂದು ಸಾಲು, ಆಚೆ ಒಂದು ಸಾಲು. ಒಂದೊಂದರ ನಡುವೆಯೂ ಒಂದೇ ಅಂತರ. ಒಂದು ಸಾಲಿನ ಚರೆ ಎರಡನೆಯ ಸಾಲಿನ ಚರೆಯ ಎದುರಿಗೆ, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲದೆ. ಸೆವೆರಿನೊ ಬಾಣಲೆಯಿಂದ ತೊಡೆಯ ತುಂಡು ಎತ್ತಿ ಬಿಡಿಸಿದರು. ಅದರಲ್ಲೂ ಸಾಲು.

"ಮೂಳೆ ಒಂದೂ ಮುರಿದಿಲ್ಲ. ಚರೆ ಜೊತೆ ಒಂದು ಎಳೆ ರೋಮಾನೂ ಒಳಗೆ ಹೋಗಿಲ್ಲ. ಮತ್ತೆ ಈ ಸಾಲು ನೋಡು. ನಾನು ಮಲಗೋ ಹಾಸಿಗೇಲಿ ಗುಂಡಿಗಳು ಹೀಗೇ ಇವೆ." ಅವರು ಅಳಿಯನ ಕಡೆ ತಿರುಗಲಿಲ್ಲ. "ಇದನ್ನ ಯಾರೂ ಹೊಡೆದಿಲ್ಲ. ಹೊಲಿದಿದಾರೆ."

ಮೆಲ್ಚೊರ್ ಕನ್ನಡಕ ಹಾಕಿಕೊಂಡು ನೋಡಿದ. ನಗು ಬಂತು, ಸಮವಸ್ತ್ರ ನೆನಪಾಗಿ ತಡೆದುಕೊಂಡ.

"ಇರಬಹುದು. ಆದ್ರೆ ಅಂಗಡಿಯವಳು ಇಲ್ಲ ಅಂತಿದಾಳೆ. ತಟ್ಟೆ ತುಂಬ ಚರೆ ಇದೆ. ಬಾರಲ್ಲಿ ಒಪ್ಕೊಂಡಿದಾನೆ. ಇವನು ಹೊಡೆದಿಲ್ಲ ಅಂತ ನಾನು ಹೆಂಗೆ ನಂಬ್ಲಿ?"

"ಇವನಿಗೆ ಹೊಡೆಯೋಕೇ ಬರಲ್ಲ, ಅದಕ್ಕೆ ನಂಬು. ಹಿತ್ತಲಿಗೆ ನಡಿ. ಕೋವಿ ಕೊಟ್ಟು ನೋಡು."

"ಮುಚ್ಚಿದ ಕಾಲದಲ್ಲಿ ಈಡು ಹಾರಿಸೋದಕ್ಕೆ ಅಪ್ಪಣೆ ಬೇಕು."

"ಅಪ್ಪಣೆ ಕೊಡೋನು ನೀನೇ ತಾನೇ? ಕೊಡು."

ಮೆಲ್ಚೊರ್ ಬಾಣಲೆಯನ್ನೊಮ್ಮೆ ನೋಡಿದ. ಅವನಿಗೂ ಮನೆಯಲ್ಲಿ ಊಟ ಆರುತ್ತಿತ್ತು. "ಸರಿ, ಕೊಟ್ಟೆ. ಒಂದೇ ಒಂದು ಈಡು."

ಹಿತ್ತಲಿನ ಗೋಡೆ ದಾಟಿದರೆ ಹಳೆಯ ಕಣ, ಕಣದಾಚೆ ಕಲ್ಲಿನ ಪಾಗಾರ, ಅದರಾಚೆ ಗುಡ್ಡವೇ ಶುರು. ಎಲ್ವಿರಾ ಆಲಿವ್ ಎಣ್ಣೆಯ ಖಾಲಿ ಡಬ್ಬಿಯನ್ನು ಪಾಗಾರದ ಮೇಲಿಟ್ಟು ಬಂದಳು. ಸೆವೆರಿನೊ ಹೊದಿಕೆ ಬಿಚ್ಚಿ ಕೋವಿಯನ್ನು ಹೊರತೆಗೆದರು. ನಳಿಗೆಯ ಮೇಲೆ ಒಮ್ಮೆ ಅಂಗೈ ಆಡಿಸಿ, ಒಂದು ತೋಟೆ ತುಂಬಿ ಅಳಿಯನ ಕೈಗೆ ಕೊಟ್ಟರು.

ಕಸಿಮಿರೊನ ಪರಿಸ್ಥಿತಿ ಹೀಗಿತ್ತು. ಡಬ್ಬಿಗೆ ತಾಗಿದರೆ ಅವನು ಕಳ್ಳ, ಮಾವನ ಅಪ್ಪನ ಕೋವಿ ಕುಲುಮೆಗೆ. ತಾಗದಿದ್ದರೆ ಕೋವಿ ಉಳಿಯುತ್ತದೆ, ಅವನು ಸಾಯುವವರೆಗೆ ಮೊಲಕ್ಕೆ ಗುಂಡಿ ಹೊಲಿದವನು. ಹೊಟ್ಟೆಯ ಯಾವುದೋ ಮೂಲೆಯಲ್ಲಿ ಡಬ್ಬಿಗೆ ತಾಗಲಿ ಎಂದೂ ಇತ್ತು. ಅವನು ಹಿಡಿಯನ್ನು ಭುಜಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿದ. ಯಾವ ಕಣ್ಣು ಮುಚ್ಚಬೇಕೆಂದು ಅನುಮಾನವಾಗಿ ಇನ್ನೊಂದನ್ನೂ ಮುಚ್ಚಿದ. ಕೋವಿಯ ಕುದುರೆ ಎಳೆದ.

ಸದ್ದು ಗುಡ್ಡಕ್ಕೆ ಹೋಗಿ ಬಡಿದು ಹಿಂದಿರುಗಿತು. ಕಸಿಮಿರೊ ನೆಲದ ಮೇಲೆ ಕೂತಿದ್ದ. ಡಬ್ಬಿ ಪಾಗಾರದ ಮೇಲೆ ಇಟ್ಟಂತೆಯೇ ಇತ್ತು.

"ಸಾಕು," ಎಂದ ಮೆಲ್ಚೊರ್. "ಇವನು ಗುಡ್ಡಕ್ಕೆ ಹೊಡೆದ್ರೂ ಗುಡ್ಡಕ್ಕೆ ತಾಗಲ್ಲ. ಕೇಸು ಮುಗೀತು."

ಆಗ ಪಾಗಾರದ ಆಚೆ, ಡಬ್ಬಿಯಿಂದ ಸಾಕಷ್ಟು ಎಡಕ್ಕೆ, ತೊಮೀಯೊ ಪೊದೆಯೊಂದು ಅಲ್ಲಾಡಿತು. ಒಮ್ಮೆ ಒದ್ದಂತೆ. ಮತ್ತೆ ಸುಮ್ಮನಾಯಿತು.

ಸೆವೆರಿನೊ ಕೋಲು ಊರಿಕೊಂಡು ಕಣ ದಾಟಿ, ಬಿದ್ದ ಕಲ್ಲುಗಳ ಸಂದಿಯಲ್ಲಿ ಹಾದು, ಆ ಮಂಡಿಯಲ್ಲೇ ಪೊದೆಯವರೆಗೆ ಹೋದರು. ಬಗ್ಗಿದರು. ಹಿಂದಿರುಗಿ ಬರುವಾಗ ಅವರ ಕೈಯಲ್ಲಿ ಹಿಂಗಾಲು ಹಿಡಿದ ಮೊಲವೊಂದು ತೂಗುತ್ತಿತ್ತು. ಚಿಕ್ಕದು, ಬೂದು ಕಂದು, ಗಂಡು. ಅವರು ಅದರ ಕಿವಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. "ಎಳೇದು," ಎಂದರು. "ಒಳ್ಳೇ ಮೊಲ."

ಎಲ್ಲರೂ ಮೆಲ್ಚೊರ್‌ನ ಮುಖ ನೋಡಿದರು. ಮೆಲ್ಚೊರ್ ಆಕಾಶ ನೋಡುತ್ತಿದ್ದ. ಬೇಟೆ ಮುಚ್ಚಿದ ಕಾಲದಲ್ಲಿ, ಊರ ಅಂಚಿನಲ್ಲಿ, ಗುಡ್ಡದ ಮೊಲ ಸತ್ತಿತ್ತು. ಸಾಕ್ಷಿಗೆ ಅಧ್ಯಕ್ಷರೇ ಇದ್ದರು. ಅಪ್ಪಣೆ ಕೊಟ್ಟವನು ಗಾರ್ಡು.

"ಗಾಳಿ ಬದಲಾಗ್ತಿದೆ," ಎಂದ ಅವನು ಕೊನೆಗೆ. "ನಾಳೆ ಮಳೆ ಬರಬಹುದು. ನಾನು ಏನೂ ನೋಡಿಲ್ಲ. ಅಧ್ಯಕ್ಷರೇ?"

"ನನ್ನ ಕಣ್ಣು ಹೋಗಿ ಬಹಳ ದಿನ ಆಯ್ತು," ಎಂದರು ಸೆವೆರಿನೊ.

ಆಮೇಲೆ ಇಬ್ಬರೂ ಒಟ್ಟಿಗೆ ಪ್ರಶ್ನೆಯ ಕಣ್ಣಿಂದ ಪೆಟ್ರಾಳ ಕಡೆ ತಿರುಗಿದರು. ಅವಳು ಸೆರಗು ಸರಿಮಾಡುವವಳಂತೆ ಏಪ್ರನ್ ಎಳೆದುಕೊಂಡಳು.

"ನನ್ನ ಬಾಯಿ ಎಂಥದು ಅಂತ ಈಗ ತಾನೇ ನೋಡಿದ್ರಲ್ಲ," ಎಂದಳು.

ಅದು ನಿಜ. ಅದಕ್ಕಿಂತ ದೊಡ್ಡ ಭರವಸೆ ಯಾರೂ ಕೇಳುವಂತಿರಲಿಲ್ಲ. ಮೆಲ್ಚೊರ್ ಊಟಕ್ಕೆ ಹೊರಟ. ಹೋಗುವಾಗ ಬಾಗಿಲಲ್ಲಿ ನಿಂತು, ಬೆನ್ನಿನ ಭಾಗದ ಒಂದು ತುಂಡು ತನಗೂ ಎತ್ತಿಡಬೇಕೆಂದು ಯಾರಿಗೋ ಎಂಬಂತೆ ಗೋಡೆಗೆ ಹೇಳಿ ಹೋದ.

ಹಿತ್ತಲ ಕಲ್ಲಿನ ಮೇಲೆ ಸೆವೆರಿನೊ ಮೊಲವನ್ನು ಮಲಗಿಸಿ, ತಾವೇ ಚೂರಿ ಹಿಡಿದು, ಹಿಂಗಾಲಿನಿಂದ ಚರ್ಮ ಬಿಡಿಸಿ ಅಂಗಿ ಕಳಚಿದ ಹಾಗೆ ಎಳೆದರು. ಹೊಟ್ಟೆ ಸೀಳಿ ಒಳಗಿನದನ್ನು ತೆಗೆದರು. ಪಿತ್ತದ ಚೀಲ ಒಡೆಯದ ಹಾಗೆ ಯಕೃತ್ತನ್ನು ಬೇರೆ ಮಾಡಿ ಎಲ್ವಿರಾಳ ಬಟ್ಟಲಿಗೆ ಹಾಕಿದರು. ಆಮೇಲೆ ಅಳಿಯನ ಬೆರಳು ಹಿಡಿದು ಮೊಲದ ಭುಜದ ಮೇಲೆ ಇಟ್ಟರು.

"ಇಲ್ಲೊಂದು. ಸಿಕ್ತಾ? ಇನ್ನೊಂದು ಕುತ್ತಿಗೆ ಹತ್ರ. ಇದು ನೋಡು, ರೋಮ ಎಳ್ಕೊಂಡು ಒಳಗೆ ಹೋಗಿದೆ. ಆ ರೋಮ ಚೂರಿ ತುದೀಲಿ ಎತ್ತಿ ತೆಗೀಬೇಕು, ಇಲ್ಲಾಂದ್ರೆ ಕಹಿ. ಉಪ್ಪು ನೀರಲ್ಲಿ ಇಡು ರಾತ್ರಿಯೆಲ್ಲ. ವೈನು ಬೇಡ. ಇದಕ್ಕೆ ಬಣ್ಣ ಬಳಿಯೋದು ಬೇಕಾಗಿಲ್ಲ."

ಕಸಿಮಿರೊ ಬೆರಳು ತೆಗೆಯಲಿಲ್ಲ.

ಗುಂಡಿ ಹೊಲಿದ ಮೊಲದ ಕತೆ ಸೋಮವಾರವೇ ಬಾರಿಗೆ ತಲುಪಿತ್ತು. ಅದನ್ನು ಹೇಳಿದ್ದು ಮೆಲ್ಚೊರ್, ಕೇಸು ಯಾಕೆ ಬಿಟ್ಟೆ ಎಂದು ನಾಲ್ಕು ಜನ ಕೇಳಿದ್ದಕ್ಕೆ ಅವನು ಅಷ್ಟನ್ನು ಹೇಳಲೇಬೇಕಾಯಿತು. ಮುದುಕರ ಟೋಪಿಗಳು ಮತ್ತೆ ತಲೆಯ ಮೇಲೆ ಗಟ್ಟಿಯಾಗಿ ಕೂತವು. ಆಂಗುಸ್ತಿಯಾಸ್ ಕೌಜುಗಕ್ಕೆ ಬೇರೆ ಕಡೆ ಹೇಳಿದಳು.

ಗುರುವಾರ ಕಸಿಮಿರೊ ಬಾರಿಗೆ ಹೋಗಿ ಬಾಗಿಲ ಹತ್ತಿರ, ತನ್ನ ಜಾಗದಲ್ಲಿ ಕೂತ.

"ಕಸಿಮಿರೊ," ನಿಕಾಸಿಯೊ ಕೂಗಿದ, "ನಮ್ಮನೆ ಕೋಳಿಗೂ ನಾಲ್ಕು ಗುಂಡಿ ಹಾಕ್ಕೊಡ್ತೀಯಾ?"

"ಜಿಪ್ಪು ಹಾಕ್ಸು, ಹೊಟ್ಟೆ ಕ್ಲೀನ್ ಮಾಡೋಕೆ ಸುಲಭ," ಎಂದ ಇನ್ನೊಬ್ಬ.

"ಸ್ಪ್ರಿಂಗ್ ಇರೋದು ಕೊಡು, ತಾನೇ ನೆಗೆದು ಬಾಣಲೆಗೆ ಬೀಳತ್ತೆ."

ಕಸಿಮಿರೊನ ನಾಲಿಗೆಯ ತುದಿಗೆ ಬಂದಿತ್ತು. ಪಾಗಾರದ ಆಚೆ, ತೊಮೀಯೊ ಪೊದೆಯ ಹತ್ತಿರ, ಒಂದೇ ಈಡಿಗೆ. ನಾಲ್ಕು ಜನ ನೋಡಿದ್ದರು. ಅವನು ಬಾಯಿ ತೆರೆದ. ಒಲೆಯ ಪಕ್ಕದಲ್ಲಿ ಮೆಲ್ಚೊರ್ ಆಲಿವ್ ಕಾಯಿಯನ್ನು ಕೆನ್ನೆಗೆ ಒತ್ತಿಟ್ಟುಕೊಂಡ. ಕಸಿಮಿರೊ ಬಾಯಿ ಮುಚ್ಚಿದ.

ಆಗ ಸೆವೆರಿನೊ ಎದ್ದರು. ತಮ್ಮ ವೈನಿನ ಲೋಟ ಒಂದು ಕೈಯಲ್ಲಿ, ಕೋಲು ಇನ್ನೊಂದರಲ್ಲಿ ಹಿಡಿದು, ಬಾರಿನ ಉದ್ದಕ್ಕೂ ನಡೆದು ಬಂದು, ಬಾಗಿಲ ಹತ್ತಿರದ ಮೇಜಿಗೆ ಕೂತರು. ಯಾರೋ ಒಳಗೆ ಬಂದರು, ಗಾಳಿ ಹೊಡೆಯಿತು, ಅವರು ಕೋಟಿನ ಕಾಲರ್ ಎತ್ತಿಕೊಂಡರು. ಜೇಬಿನಲ್ಲಿ ತಡಕಾಡಿ, ರೋಮದ ಎಳೆಯೊಂದು ಇನ್ನೂ ಅಂಟಿದ್ದ ಚರೆಯನ್ನು ಹುಡುಕಿ ತೆಗೆದು ಅಳಿಯನ ಮುಂದಿದ್ದ ತಟ್ಟೆಯ ಅಂಚಿಗೆ ಬೀಳಿಸಿದರು.

ಟಿಣ್.

"ಏನದು ಸೆವೆರಿನೊ?" ನಿಕಾಸಿಯೊ ಕತ್ತು ಚಾಚಿ ಕೇಳಿದ.

"ಹಾಸಿಗೆ ಗುಂಡಿ," ಎಂದರು ಸೆವೆರಿನೊ.

ಬಾರಿಗೆ ಬಾರೇ ನಕ್ಕಿತು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಕಸಿಮಿರೊ. ಅವಮಾನಕ್ಕೆ ತಲೆ ಕೆಟ್ಟಿರಬೇಕು ಎಂದು ಒಲೆಯ ಮೇಜಿನವರು ಮಾತಾಡಿಕೊಂಡರು.